ಬಾಯಿ ಕಟ್ಟಿ ಕಲಿಸುವ ವಿದ್ಯೆ

ಇಲ್ಲಿ ಬ್ರಿಟನ್ನಿನಲ್ಲಿ ಜಿ.ಪಿ. ಬಳಿ ಹೋದಾಗ ಎದುರಿಗೆ ತರಬೇತಿಯ ವೈದ್ಯರು ಕೂತಿದ್ದರೆ, "ದೊಡ್ಡ ಡಾಕ್ಟರು ಇಲ್ಲವೇ?" ಎಂದು ಮನಸ್ಸು ಕೇಳುತ್ತದೆ. ಆದರೆ 1970ರ ದಶಕದಲ್ಲೂ ಈ ತರಬೇತಿ ಕಡ್ಡಾಯವಿರಲಿಲ್ಲ. ಆಸ್ಪತ್ರೆಯಲ್ಲಿ ಒಂದು ವರ್ಷ ದುಡಿದು ನೋಂದಣಿಯಾದವರು ನೇರವಾಗಿ ಜಿ.ಪಿ. ಆಗಬಹುದಿತ್ತು. ಪರಿಣಾಮ? 1950ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜೋಸೆಫ್ ಕಾಲಿಂಗ್ಸ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಹಲವು ಕ್ಲಿನಿಕ್‌ಗಳ ದುಃಸ್ಥಿತಿಯನ್ನು ಬಿಚ್ಚಿಟ್ಟರು. 1952ರಲ್ಲಿ ಜಿ.ಪಿ.ಗಳ ಕಾಲೇಜು ಹುಟ್ಟಿತು. ಮೂರು ವರ್ಷದ ತರಬೇತಿ ಕಡ್ಡಾಯವಾಗಲು ಮಾತ್ರ 1982 ಬರಬೇಕಾಯಿತು!

ಆದರೆ ಕಲಿಸುವವರಿಗೆ ಕಲಿಸುವವರು ಯಾರು? ಹಂಗೇರಿಯಿಂದ ಬಂದಿದ್ದ ಮನೋವಿಶ್ಲೇಷಕ ಮೈಕೆಲ್ ಬಾಲಿಂಟ್ 1950ರ ದಶಕದಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಜಿ.ಪಿ.ಗಳ ಗುಂಪು ಕಟ್ಟಿದ್ದರು. ಅಲ್ಲಿ ಪಾಠವಿಲ್ಲ. ವೈದ್ಯರು ತಮ್ಮನ್ನು ಕಾಡುವ ರೋಗಿಯ ಕಥೆ ಹೇಳಬೇಕು, ಉಳಿದವರು ಕೇಳಬೇಕು. ವೈದ್ಯನೇ ಒಂದು ಔಷಧ, ಆದರೆ ಅದರ ಪ್ರಮಾಣ ಯಾವ ಪುಸ್ತಕದಲ್ಲೂ ಇಲ್ಲ ಎಂಬುದು 1957ರ ಅವರ ಗ್ರಂಥದ ತಿರುಳು.

1984ರಲ್ಲಿ ಡೇವಿಡ್ ಪೆಂಡಲ್ಟನ್ ಮತ್ತು ಸಂಗಡಿಗರು ಮೇಲ್ವಿಚಾರಣೆಗೊಂದು ಕ್ರಮ ಕೊಟ್ಟರು: ಏನು ಚೆನ್ನಾಗಾಯಿತೆಂದು ಮೊದಲು ಕಲಿಯುವವರೇ ಹೇಳಲಿ, ಆಮೇಲೆ ಗುರು, ಬದಲಾಗಬೇಕಾದ್ದು ಅದರ ನಂತರ. ಕೆಂಪು ಮಸಿಯ ಮೇಷ್ಟ್ರುಗಳ ಕೈಯಲ್ಲಿ ಬೆಳೆದ ನಮಗೆ ಇದು ವಿಚಿತ್ರ. ಹೊಗಳಿಕೆ ಕೇಳುವಾಗಲೂ ಶಿಷ್ಯನ ಕಿವಿ "ಆದರೆ..." ಎಂಬ ಮಾತಿಗೇ ಕಾಯುತ್ತದೆ ಎಂಬ ಟೀಕೆಯಲ್ಲೂ ಹುರುಳಿದೆ. ಕೊಟ್ಟ ಔಷಧದ ಪ್ರಮಾಣವೇ ತಪ್ಪಿದ್ದರೆ ಸರದಿ ಕಾಯುವಂತಿಲ್ಲ. ಗುರು ಆಗಲೇ ಬಾಯಿ ಬಿಡಬೇಕು.