ಒಂಬತ್ತರಿಂದ ಆರಂಭವಾಗುವ ಸಂಖ್ಯೆ

ಅಮೆರಿಕದಲ್ಲಿ ಅಕ್ರಮವಾಗಿ ನೆಲೆಸಿದ ವಲಸಿಗರು ಸರ್ಕಾರಕ್ಕೆ ಬಿಡಿಗಾಸೂ ತೆರಿಗೆ ಕಟ್ಟುವುದಿಲ್ಲ ಎಂಬ ದೂರು ಅಲ್ಲಿ ಹಳೆಯದು. ಅದರ ಬೆನ್ನಿಗೇ, ಅದೇ ಜನ ತೆರಿಗೆ ಮರುಪಾವತಿಯ ಹೆಸರಿನಲ್ಲಿ ಖಜಾನೆ ಬರಿದು ಮಾಡುತ್ತಿದ್ದಾರೆ ಎಂಬ ಇನ್ನೊಂದು ದೂರೂ ಇದೆ. ತೆರಿಗೆಯ ಲೆಕ್ಕಕ್ಕೇ ಬಾರದವರು ಮರುಪಾವತಿ ಕೇಳುವುದಾದರೂ ಹೇಗೆ? ಇದು ತಿಳಿಯಬೇಕಾದರೆ ಅಲ್ಲಿನ ವರಮಾನ ತೆರಿಗೆಯ ಇತಿಹಾಸವನ್ನು ಸ್ವಲ್ಪ ಕೆದಕಬೇಕು.

1913ರ ಕಾನೂನು 'ನ್ಯಾಯಬದ್ಧ' ವ್ಯಾಪಾರದ ಆದಾಯಕ್ಕೆ ತೆರಿಗೆ ಹಾಕಿತ್ತು. ಮೂರೇ ವರ್ಷದಲ್ಲಿ, 1916ರಲ್ಲಿ, 'ನ್ಯಾಯಬದ್ಧ' ಎಂಬ ಪದವನ್ನು ಕಿತ್ತುಹಾಕಲಾಯಿತು. ಪಾನನಿರೋಧದ ಕಾಲದಲ್ಲಿ ಕದ್ದು ಮದ್ಯ ಮಾರುತ್ತಿದ್ದ ಸಲಿವನ್ ಎಂಬಾತ, ಆದಾಯ ತೋರಿಸಿದರೆ ತನ್ನ ಅಪರಾಧವನ್ನು ತಾನೇ ಒಪ್ಪಿಕೊಂಡಂತಾಗುತ್ತದೆ ಎಂದು ವಾದಿಸಿದ. 1927ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಕುಖ್ಯಾತ ಅಲ್ ಕಪೋನ್ 1931ರಲ್ಲಿ ಜೈಲು ಶಿಕ್ಷೆಗೆ ಗುರಿಯಾದದ್ದೂ ತೆರಿಗೆ ತಪ್ಪಿಸಿದ್ದಕ್ಕೇ. ತೆರಿಗೆ ಇಲಾಖೆ ಎಷ್ಟು ಗಳಿಸಿದೆ ಎಂದು ಕೇಳುತ್ತದೆಯೇ ಹೊರತು, ಗಳಿಸುವ ಹಕ್ಕು ನಿನಗಿತ್ತೇ ಎಂದು ಕೇಳುವುದಿಲ್ಲ. ಕಾಗದಪತ್ರವಿಲ್ಲದ ವಲಸಿಗನೂ ಈ ತತ್ವದಡಿಯಲ್ಲೇ ಬರುತ್ತಾನೆ.

1943ರಿಂದ ಸಂಬಳದಲ್ಲೇ ವರಮಾನ ತೆರಿಗೆ ಮುರಿದುಕೊಳ್ಳುವ ಪದ್ಧತಿ ಬಂತು. 1986ರ ವಲಸೆ ಕಾನೂನು ಇದಕ್ಕೊಂದು ವಿಚಿತ್ರ ತಿರುವು ಕೊಟ್ಟಿತು. ಅಲ್ಲಿಯವರೆಗೆ ಅಕ್ರಮ ವಲಸಿಗರನ್ನು ಕೆಲಸಕ್ಕಿಟ್ಟುಕೊಳ್ಳುವುದು ಮಾಲೀಕನಿಗೆ ಅಪರಾಧವಾಗಿರಲಿಲ್ಲ. ಈಗ ಅವನು ಕಾಗದ ನೋಡಲೇಬೇಕಾಯಿತು. ಆದರೆ ಅದು ಮೇಲ್ನೋಟಕ್ಕೆ ಅಸಲಿಯಂತೆ ಕಂಡರೆ ಸಾಕಿತ್ತು. ಸುಳ್ಳು ಸಾಮಾಜಿಕ ಭದ್ರತಾ ಸಂಖ್ಯೆಗಳ ದಂಧೆ ಬೆಳೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಹೊಲದಲ್ಲಿ ಹಣ್ಣು ಕೀಳುವವನ, ಹೋಟೆಲಿನಲ್ಲಿ ಪಾತ್ರೆ ತೊಳೆಯುವವಳ ಕೂಲಿಯಿಂದ ವರಮಾನ ತೆರಿಗೆಯ ಜೊತೆಗೆ ಪಿಂಚಣಿ ಮತ್ತು ವೃದ್ಧರ ವೈದ್ಯಕೀಯ ನಿಧಿಗೆ ಶೇ 7.65ರಷ್ಟು ಕಡಿತವಾಗುತ್ತದೆ. ಹೆಸರು, ಸಂಖ್ಯೆ ತಾಳೆಯಾಗದಿದ್ದರೆ ಆ ಸಂಬಳದ ಲೆಕ್ಕ ವಾರಸುದಾರರಿಲ್ಲದ ಕಡತಕ್ಕೆ ಸೇರುತ್ತದೆ. ಹಣ ಮಾತ್ರ ನಿಧಿಯಲ್ಲೇ ಉಳಿಯುತ್ತದೆ. 2010ರಲ್ಲಿ ಇಂಥವರಿಂದ ಪಿಂಚಣಿ ನಿಧಿಗೆ ಸುಮಾರು 1,200 ಕೋಟಿ ಡಾಲರ್ ನಿವ್ವಳ ಲಾಭವಾಯಿತೆಂದು ಸಾಮಾಜಿಕ ಭದ್ರತಾ ಇಲಾಖೆಯೇ 2013ರಲ್ಲಿ ಅಂದಾಜು ಮಾಡಿತು. ವಾಸದ ಹಕ್ಕು ಎಂದಾದರೂ ಸಕ್ರಮವಾದರೆ ಸರಿ, ಇಲ್ಲವಾದರೆ ಆ ಪಿಂಚಣಿ ಅವರ ಕೈಗೆ ಬರುವುದಿಲ್ಲ.

ನಗದು ಕೂಲಿ ಪಡೆದು ತೆರಿಗೆಯಿಂದ ನುಣುಚಿಕೊಳ್ಳುವವರು ಇಲ್ಲವೆಂದಲ್ಲ. ಆದರೂ ತೆರಿಗೆ ಮತ್ತು ಆರ್ಥಿಕ ನೀತಿ ಸಂಸ್ಥೆಯ ಲೆಕ್ಕದ ಪ್ರಕಾರ, 2022ರಲ್ಲಿ ಕಾಗದವಿಲ್ಲದ ವಲಸಿಗರು ಕಟ್ಟಿದ ಎಲ್ಲ ಬಗೆಯ ತೆರಿಗೆಗಳ ಮೊತ್ತ 9,670 ಕೋಟಿ ಡಾಲರ್.

ಇನ್ನು ಮರುಪಾವತಿಯ ಮಾತು. ಸಾಮಾಜಿಕ ಭದ್ರತಾ ಸಂಖ್ಯೆಗೆ ಅರ್ಹತೆ ಇಲ್ಲದವರೂ ತೆರಿಗೆ ವಿವರ ಸಲ್ಲಿಸಲೆಂದು 1996ರಲ್ಲಿ ತೆರಿಗೆ ಇಲಾಖೆ ಹೊಸದೊಂದು ಸಂಖ್ಯೆ ಕೊಡತೊಡಗಿತು. ಒಂಬತ್ತು ಅಂಕಿ, ಮೊದಲ ಅಂಕಿಯೂ ಒಂಬತ್ತೇ. ಹೆಚ್ಚಾಗಿ ಕಡಿತವಾದ ವರಮಾನ ತೆರಿಗೆಯನ್ನು ಇದರ ಮೂಲಕ ಮರಳಿ ಕೇಳಬಹುದು. ಅದೇ ವರ್ಷ ಬಡ ದುಡಿಮೆಗಾರರಿಗೆ ಸಿಗುವ ತೆರಿಗೆ ಸಹಾಯಧನದಿಂದ ಈ ಜನರನ್ನು ಹೊರಗಿಡಲಾಯಿತು. ಮಕ್ಕಳ ಸಲುವಾಗಿ ಸಿಗುವ ರಿಯಾಯಿತಿ ಮಾತ್ರ ಉಳಿಯಿತು. ಕಟ್ಟಬೇಕಾದ ತೆರಿಗೆಗಿಂತ ರಿಯಾಯಿತಿ ಹೆಚ್ಚಾದರೆ ಮಿಕ್ಕದ್ದು ನಗದಾಗಿ ಕೈಸೇರುತ್ತದೆ. ಎರಡನೆಯ ದೂರಿಗೆ ಆಧಾರ ಇಲ್ಲಿದೆ. ಕೆಲಸದ ಪರವಾನಗಿ ಇಲ್ಲದವರಿಗೆ 2010ರಲ್ಲಿ ಹೀಗೆ 420 ಕೋಟಿ ಡಾಲರ್ ಸಂದಿತೆಂದು ಖಜಾನೆಯ ತನಿಖಾಧಿಕಾರಿ 2011ರಲ್ಲಿ ವರದಿ ಮಾಡಿದರು. 2017ರ ಕಾನೂನು ಮಗುವಿಗೆ ಸಾಮಾಜಿಕ ಭದ್ರತಾ ಸಂಖ್ಯೆ ಬೇಕೆಂದಿತು; 2025ರದು ಹೆತ್ತವರಲ್ಲಿ ಒಬ್ಬರಿಗಾದರೂ ಇರಬೇಕೆಂದಿತು.

ಈ ಸಂಖ್ಯೆ ನಮ್ಮವರಿಗೂ ಅಪರಿಚಿತವಲ್ಲ. ಸಾಫ್ಟ್‌ವೇರ್ ಕೆಲಸಕ್ಕೆಂದು ಹೋದವರ ಜೊತೆ ಅವಲಂಬಿತರ ವೀಸಾದಲ್ಲಿ, ಕೆಲಸದ ಅನುಮತಿಯಿಲ್ಲದೆ ತೆರಳಿದ ಪತ್ನಿಯರಿಗೂ ಇದೇ ಗತಿ. 2020ರ ಮಾರ್ಚ್‌ನಲ್ಲಿ ಕೊರೊನಾ ಪರಿಹಾರವಾಗಿ ತಲಾ 1,200 ಡಾಲರ್ ಘೋಷಣೆಯಾದಾಗ, ಪತ್ನಿಯ ಇಂಥ ಸಂಖ್ಯೆಯೊಡನೆ ಜಂಟಿಯಾಗಿ ವಿವರ ಸಲ್ಲಿಸಿದ್ದ ಗಂಡನಿಗೂ ಹಣ ತಪ್ಪಿತು. ಕಾನೂನುಬದ್ಧವಾಗಿ ಇದ್ದವರೂ ಈ ಏಟು ತಿಂದರು. ಡಿಸೆಂಬರ್‌ನಲ್ಲಿ ಈ ನಿಯಮ ಸಡಿಲವಾಯಿತು.

ಇಷ್ಟೆಲ್ಲ ಇದ್ದರೂ ಕಾಗದವಿಲ್ಲದವರು ವಿವರ ಸಲ್ಲಿಸುತ್ತಿದ್ದುದೇಕೆ? 1986ರ ಕಾನೂನಿನಡಿ ಸುಮಾರು 27 ಲಕ್ಷ ಜನ ಸಕ್ರಮಗೊಂಡಾಗ, ಹಿಂದಿನಿಂದಲೂ ಇಲ್ಲೇ ಇದ್ದೆವು ಎನ್ನಲು ಸಂಬಳ ಚೀಟಿ, ತೆರಿಗೆ ಕಾಗದಗಳು ಸಾಕ್ಷಿಯಾಗಿ ನೆರವಿಗೆ ಬಂದಿದ್ದವು. ಮತ್ತೊಮ್ಮೆ ಅಂಥ ಅವಕಾಶ ಬಂದೀತೆಂಬ ಆಸೆ ಹಲವರದು. ಜೊತೆಗೆ ಒಂದು ಭರವಸೆಯೂ ಇತ್ತು. ನಿಕ್ಸನ್ ಆಡಳಿತ ವಿರೋಧಿಗಳ ಮೇಲೆ ತೆರಿಗೆ ಇಲಾಖೆಯನ್ನು ಛೂಬಿಡಲು ಯತ್ನಿಸಿದ್ದು ಬಯಲಾದ ಮೇಲೆ, 1976ರಲ್ಲಿ ತೆರಿಗೆ ವಿವರಗಳ ಗೋಪ್ಯತೆಗೆ ಬಿಗಿಯಾದ ಕಾನೂನು ಬಂದಿತ್ತು. ಅದರಿಂದಾಗಿ ತೆರಿಗೆ ಅರ್ಜಿಯಲ್ಲಿ ಮನೆಯ ವಿಳಾಸ ಬರೆಯಲು ಅಂಜಬೇಕಾಗಿಲ್ಲ ಎಂದು ಜನ ನಂಬಿದ್ದರು.

2025ರ ಏಪ್ರಿಲ್‌ನಲ್ಲಿ ತೆರಿಗೆ ಇಲಾಖೆ ಈ ವಿವರಗಳನ್ನು ವಲಸೆ ಜಾರಿ ವಿಭಾಗದೊಂದಿಗೆ ಹಂಚಿಕೊಳ್ಳಲು ಒಪ್ಪಂದವಾಯಿತು. ಇಲಾಖೆಯ ಹಂಗಾಮಿ ಮುಖ್ಯಸ್ಥೆ ಮೆಲನಿ ಕ್ರಾಸ್ ಹುದ್ದೆ ಬಿಡಲು ತೀರ್ಮಾನಿಸಿದರು. ಆಗಸ್ಟ್‌ನಲ್ಲಿ ಸುಮಾರು 47,000 ಜನರ ವಿವರ ಹಸ್ತಾಂತರವಾಯಿತು. ನವೆಂಬರ್‌ನಲ್ಲಿ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಧೀಶೆಯೊಬ್ಬರು, ಇದು ಗೋಪ್ಯತೆಯ ಕಾನೂನಿಗೆ ವಿರುದ್ಧವೆಂದು ಹಂಚಿಕೆಗೆ ತಡೆ ನೀಡಿದರು. ಅಷ್ಟರೊಳಗೆ ಆ ವಿಳಾಸಗಳು ಕೈ ದಾಟಿಯಾಗಿತ್ತು.