ನಾಗ್ಪುರದ ವಾಡಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು? ದೂರ, ಸಮಯದ ವಿವರ ಇಲ್ಲಿದೆ

ನಾಗ್ಪುರ ಮತ್ತು ಬೆಂಗಳೂರು ವಿಮಾನ ನಿಲ್ದಾಣಗಳ ನಡುವಿನ ನೇರ ವಾಯುಮಾರ್ಗದ ದೂರ ಸುಮಾರು 890 ಕಿ.ಮೀ. ತಡೆರಹಿತ ವಿಮಾನಗಳಿಗೆ ವೇಳಾಪಟ್ಟಿಯಲ್ಲಿ ಸಾಮಾನ್ಯವಾಗಿ 1 ಗಂಟೆ 45 ನಿಮಿಷದಿಂದ 2 ಗಂಟೆ ತೋರಿಸಲಾಗುತ್ತದೆ. ಆದರೆ ವಾಡಿಯ ಮನೆಯಿಂದ ಹೊರಟವರು ಬೆಂಗಳೂರಿನ ಮೆಜೆಸ್ಟಿಕ್ ತಲುಪಲು ಸುಮಾರು 6 ಗಂಟೆ ಬೇಕು.

ಯಾವ ವಾಡಿ?
ಟಿಕೆಟ್ ಹುಡುಕುವ ಮೊದಲು ಇದನ್ನು ಖಚಿತಪಡಿಸಿಕೊಳ್ಳಿ. ಕನ್ನಡಿಗರಿಗೆ ವಾಡಿ ಎಂದರೆ ಥಟ್ಟನೆ ನೆನಪಾಗುವುದು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲ್ಲೂಕಿನ ರೈಲ್ವೆ ಜಂಕ್ಷನ್. ಮಹಾರಾಷ್ಟ್ರದ ವಾಡಿ ಇರುವುದು ನಾಗ್ಪುರದ ಪಶ್ಚಿಮಕ್ಕೆ, ಅಮರಾವತಿ ರಸ್ತೆಯಲ್ಲಿ. ಗೋದಾಮು ಹಾಗೂ ಲಾರಿ ಸಾರಿಗೆಗೆ ಹೆಸರಾದ ಪಟ್ಟಣವಿದು. ಎರಡೂ ಊರುಗಳ ನಡುವೆ ನೇರ ದೂರವೇ ಸುಮಾರು 500 ಕಿ.ಮೀ.

ಹತ್ತಿರದ ವಿಮಾನ ನಿಲ್ದಾಣ
ನಾಗ್ಪುರದ ವಾಡಿಗೆ ಸಮೀಪದ್ದು ಸೋನೆಗಾಂವ್‌ನಲ್ಲಿರುವ ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ರಸ್ತೆಯಲ್ಲಿ 10 ಕಿ.ಮೀ. ಆಸುಪಾಸು. ಟಿಕೆಟ್‌ನಲ್ಲಿ ಇದರ ಸಂಕೇತ ಎನ್‌ಎಜಿ, ಬೆಂಗಳೂರಿನದು ಬಿಎಲ್‌ಆರ್. ಕಲಬುರಗಿ ಜಿಲ್ಲೆಯ ವಾಡಿಗೆ ಹೋಗುವವರು 2019ರ ನವೆಂಬರ್‌ನಲ್ಲಿ ಉದ್ಘಾಟನೆಯಾದ ಕಲಬುರಗಿ ವಿಮಾನ ನಿಲ್ದಾಣದ ಸಂಕೇತ ಜಿಬಿಐ ಎಂಬುದನ್ನು ಗಮನಿಸಬೇಕು.

ನಾಗ್ಪುರದಿಂದ ಕರ್ನಾಟಕದ ನಿಲ್ದಾಣಗಳಿಗೆ ನೇರ ದೂರ (ಅಂದಾಜು)
* ಬೀದರ್: 390 ಕಿ.ಮೀ.
* ಕಲಬುರಗಿ: 475 ಕಿ.ಮೀ.
* ಬೆಳಗಾವಿ: 745 ಕಿ.ಮೀ.
* ಹುಬ್ಬಳ್ಳಿ: 760 ಕಿ.ಮೀ.
* ಬೆಂಗಳೂರು: 890 ಕಿ.ಮೀ.

ದೂರ ಕಡಿಮೆಯಿದ್ದ ಮಾತ್ರಕ್ಕೆ ನೇರ ವಿಮಾನ ಇರುತ್ತದೆ ಎಂದಲ್ಲ. ಉಡಾನ್ ಯೋಜನೆಯಡಿ ಬೆಳಗಾವಿ–ನಾಗ್ಪುರ ವಿಮಾನ 2022ರಲ್ಲಿ ಆರಂಭವಾಗಿತ್ತು. ಇಂಥ ಮಾರ್ಗಗಳ ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಪ್ರಯಾಣದ ದಿನಾಂಕಕ್ಕೆ ಸೇವೆ ಇದೆಯೇ ಎಂದು ನೋಡಿಕೊಳ್ಳುವುದು ಒಳಿತು.

ಲೆಕ್ಕಕ್ಕೂ ವೇಳಾಪಟ್ಟಿಗೂ ಏಕೆ ವ್ಯತ್ಯಾಸ?
ಗಂಟೆಗೆ 800 ಕಿ.ಮೀ. ವೇಗದಲ್ಲಿ 890 ಕಿ.ಮೀ. ಕ್ರಮಿಸಲು 67 ನಿಮಿಷ ಸಾಕು. ಆದರೆ ಏರುವಾಗ, ಇಳಿಯುವಾಗ ವಿಮಾನದ ವೇಗ ಕಡಿಮೆ ಇರುತ್ತದೆ. ರನ್‌ವೇಗೆ ಸಾಗುವ ಹಾಗೂ ಇಳಿಯಲು ಅನುಮತಿಗಾಗಿ ಕಾಯುವ ಸಮಯವೂ ಸೇರುತ್ತದೆ. ವೇಳಾಪಟ್ಟಿಯಲ್ಲಿರುವುದು ಹೊರಡುವ ನಿಲ್ದಾಣದ ನಿಲುಗಡೆಯಿಂದ ತಲುಪುವ ನಿಲ್ದಾಣದ ನಿಲುಗಡೆವರೆಗಿನ ಸಮಯ.

ಮನೆಯಿಂದ ಮನೆಗೆ ಎಷ್ಟು?
* ವಾಡಿಯಿಂದ ವಿಮಾನ ನಿಲ್ದಾಣ: ಅರ್ಧ ಗಂಟೆ
* ಚೆಕ್-ಇನ್, ಭದ್ರತಾ ತಪಾಸಣೆ: 2 ಗಂಟೆ
* ವಿಮಾನ: ಸುಮಾರು 2 ಗಂಟೆ
* ಲಗೇಜ್ ಪಡೆಯಲು: ಅರ್ಧ ಗಂಟೆ
* ದೇವನಹಳ್ಳಿಯಿಂದ ಮೆಜೆಸ್ಟಿಕ್ (ಸುಮಾರು 35 ಕಿ.ಮೀ.): 1ರಿಂದ ಒಂದೂವರೆ ಗಂಟೆ

ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುತ್ತದೆ. ಹೀಗಾಗಿ ವಾಡಿಯಿಂದ ಎರಡೂವರೆ ಗಂಟೆ ಮುಂಚೆ ಹೊರಡುವುದು ಸುರಕ್ಷಿತ. ರಸ್ತೆ ಮೂಲಕವಾದರೆ ಹೈದರಾಬಾದ್, ಕರ್ನೂಲು, ಅನಂತಪುರ ಹಾದು ಬರುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು 1,100 ಕಿ.ಮೀ. ಪ್ರಯಾಣ.

ನಿಮಗಿದು ಗೊತ್ತೇ?
ದೇಶದ ನಡುಮಧ್ಯದಲ್ಲಿರುವ ನಾಗ್ಪುರ ಒಂದು ಕಾಲದಲ್ಲಿ ಅಂಚೆಯ ಕೂಡುತಾಣ. 1949ರಲ್ಲಿ ಶುರುವಾದ ರಾತ್ರಿ ಅಂಚೆ ಸೇವೆಯಲ್ಲಿ ದೆಹಲಿ, ಬಾಂಬೆ, ಕಲ್ಕತ್ತಾ, ಮದ್ರಾಸ್‌ಗಳಿಂದ ಹೊರಟ ವಿಮಾನಗಳು ಇಲ್ಲಿ ಸೇರಿ, ಅಂಚೆ ಚೀಲಗಳನ್ನು ಬದಲಿಸಿಕೊಂಡು ಮರಳುತ್ತಿದ್ದವು.