ವಿಮಾನಚಕ್ರವೂ ಅಗ್ನಿಯೂ

ತುಂಗಭದ್ರೆಯ ತಡಿಯಲ್ಲಿ ನೆಲೆಸಿರುವ ಹರಿಹರೇಶ್ವರನ ದರ್ಶನವನ್ನು ಮಾಡದಿರುವವರು ನಮ್ಮ ಸೀಮೆಯ ವಾಚಕರಲ್ಲಿ ವಿರಳ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ. ಶ. ೧೨೨೪ರಲ್ಲಿ ಕಟ್ಟಿಸಿದ ಆ ದೇವಾಲಯದಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಾಗಿ ನಿಂತಿರುವರಷ್ಟೆ. ಹರಿಯ ಆಯುಧವು ಚಕ್ರ. ಹರನ ನೊಸಲಗಣ್ಣು ಅಗ್ನಿ. ಚಕ್ರವೂ ಅಗ್ನಿಯೂ ಒಂದೇ ದೇಹದಲ್ಲಿ ಪರಸ್ಪರ ಬಾಧೆಯಿಲ್ಲದೆ ಇರುವುದು ದೇವರಿಗೆ ಸಹಜವಾಗಿರಬಹುದು. ಮನುಷ್ಯನು ಮಾಡಿದ ಗಾಲಿಯಲ್ಲಿ ಅವೆರಡನ್ನೂ ಒಟ್ಟಿಗೆ ಇರಗೊಡುವುದು ಎಷ್ಟು ದುಸ್ತರವಾದ ಕಾರ್ಯವೆಂಬುದನ್ನೂ, ಅದನ್ನು ಕಲಿಯಲು ಲೋಕವು ತೆತ್ತ ಬೆಲೆಯನ್ನೂ ಈ ಲೇಖನದಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಈ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವುಂಟು. ನೆರೆಯ ಶಿವಮೊಗ್ಗೆಯಲ್ಲಿ ೨೦೨೩ರಲ್ಲಿ ವಿಮಾನನಿಲ್ದಾಣವು ಪ್ರಾರಂಭವಾದ ಮೇಲೆ ದಾವಣಗೆರೆ ಹರಿಹರಗಳ ಗೃಹಸ್ಥರಿಗೆ ವಿಮಾನವು ದೂರದ ವಸ್ತುವಾಗಿ ಉಳಿದಿಲ್ಲ. ಅಲ್ಲಿಗೆ ಹೋಗಿಬಂದ ನಮ್ಮ ಬಳಗದ ಬಾಲಕನೊಬ್ಬನು, "ಅಜ್ಜಾ, ಅಷ್ಟು ಜೋರಾಗಿ ಬಂದ ವಿಮಾನವು ನಿಂತುಬಿಟ್ಟಿತಲ್ಲಾ, ಅದರ ಜೋರೆಲ್ಲ ಎಲ್ಲಿಗೆ ಹೋಯಿತು?" ಎಂದು ಕೇಳಿದನು. ನಲವತ್ತು ವರ್ಷ ಪಾಠ ಹೇಳಿದ ನನಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಕೇಳಿದ ನೆನಪಿಲ್ಲ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು, "ಅದೆಲ್ಲವೂ ನಮ್ಮ ವಿಮಾನಶಾಸ್ತ್ರದಲ್ಲಿಯೇ ಉಂಟು" ಎಂದು ಬಾಲಕನ ಬಾಯಿ ಮುಚ್ಚಿಸಿದರು. ಪ್ರಶ್ನೆಗೂ ಉತ್ತರ ಹೇಳಬೇಕು, ಆ ಮಾತಿಗೂ ಉತ್ತರ ಹೇಳಬೇಕು.

ಮೊದಲು ನಾವು ಕಣ್ಣಾರೆ ಕಂಡ ಗಾಲಿಯಿಂದಲೇ ಪ್ರಾರಂಭಿಸೋಣ. ನನ್ನ ಬಾಲ್ಯದಲ್ಲಿ ದಾವಣಗೆರೆಯ ಪೇಟೆಗೆ ಹತ್ತಿಯನ್ನೂ ಜೋಳವನ್ನೂ ಹೇರಿಕೊಂಡು ಬರುವ ಎತ್ತಿನ ಗಾಡಿಗಳ ಸಾಲು ಬೆಳಗಿನ ಜಾವದಿಂದಲೇ ಕಾಣುತ್ತಲಿದ್ದಿತು. ಬಡಗಿಯು ಗಾಲಿಯನ್ನು ಜೋಡಿಸಿದ ಮೇಲೆ ಕಮ್ಮಾರನು ಅದಕ್ಕೆ ಕಬ್ಬಿಣದ ಹಳಿಯನ್ನು ತೊಡಿಸುವನು. ಹಳಿಯ ಸುತ್ತಳತೆಯು ಗಾಲಿಯದಕ್ಕಿಂತ ತುಸು ಕಡಮೆಯಾಗಿಯೇ ಇರುವುದು. ಅದನ್ನು ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರೆ ಹಿಗ್ಗುವುದು. ಇಕ್ಕಳದಿಂದ ಹಿಡಿದು ಗಾಲಿಯ ಮೇಲಿಟ್ಟು ಬಡಿದು, ಕೂಡಲೇ ನೀರೆರೆದರೆ ಕುಗ್ಗಿ, ಗುಂಭವನ್ನೂ ಅರೆಕಾಲುಗಳನ್ನೂ ಅಂಚನ್ನೂ ಒಂದಾಗಿ ಬಿಗಿಯುವುದು. ಸಂಸ್ಕೃತದಲ್ಲಿ ನಾಭಿ, ಅರ, ನೇಮಿ ಎಂದು ಇವನ್ನೇ ಕರೆಯುವರು. ಇಲ್ಲಿ ಅಗ್ನಿಯು ಚಕ್ರಕ್ಕೆ ಮಿತ್ರನು.

ಅದೇ ಗಾಡಿಯು ಘಟ್ಟದ ಇಳಿಜಾರಿಗೆ ಬಂದರೆ ಸಂಗತಿಯು ಬೇರೆ. ಗಾಲಿಗೆ ಅಡ್ಡಮರವನ್ನು ಹಗ್ಗದಿಂದ ಬಿಗಿದು ಉಜ್ಜಿಸುತ್ತ ಇಳಿಸಬೇಕು. ಬಿಗಿದ ಮರವು ಕಪ್ಪಾಗಿ ಹೊಗೆಯ ವಾಸನೆ ಬರುವುದನ್ನು ಗಾಡಿಕಾರರು ಬಲ್ಲರು. ಆಗ ಜಾಣನಾದವನು ಗಾಡಿಯನ್ನು ನಿಲ್ಲಿಸಿ, ಗಾಲಿಗೆ ಕಲ್ಲುಕೊಟ್ಟು, ಮರವು ಆರುವವರೆಗೆ ಎಲೆಯಡಿಕೆ ಹಾಕಿಕೊಳ್ಳುತ್ತ ಕಾಯುವನು. ಈ ಕಾಯುವಿಕೆಯನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರ ಪ್ರಸ್ತಾಪವು ಬರುವುದು.

ಇನ್ನು ಬಾಲಕನ ಪ್ರಶ್ನೆ. ಚಲಿಸುವ ವಸ್ತುವಿನ ಶಕ್ತಿಯು ಅದರ ತೂಕಕ್ಕೂ ವೇಗದ ವರ್ಗಕ್ಕೂ ಅನುಗುಣವಾಗಿರುವುದು. ಅಂದರೆ ವೇಗವು ಎರಡರಷ್ಟಾದರೆ ಶಕ್ತಿಯು ನಾಲ್ಕರಷ್ಟಾಗುವುದು. ನಿಲ್ಲಿಸಿದಾಗ ಆ ಶಕ್ತಿಯು ನಾಶವಾಗುವುದಿಲ್ಲ, ಉಷ್ಣವಾಗಿ ಮಾರ್ಪಡುವುದು. ಒಂದು ಟನ್ ತೂಕದ ಗಾಡಿಯು ಸಮನೆಲದಲ್ಲಿ ಎತ್ತಿನ ನಡಿಗೆಯಲ್ಲಿ ಹೋಗುತ್ತಿದ್ದು ನಿಂತರೆ, ಹುಟ್ಟುವ ಉಷ್ಣವು ಒಂದು ಚಮಚೆ ನೀರನ್ನೂ ಕುದಿಸಲಾರದು. ಈಗ ನಮ್ಮ ದೇಶದಲ್ಲಿ ಎಲ್ಲೆಲ್ಲಿಯೂ ಕಾಣುವ ಏರ್‌ಬಸ್ ೩೨೦ ಎಂಬ ವಿಮಾನವು ಸುಮಾರು ೬೪ ಟನ್ ತೂಕದಿಂದ, ಗಂಟೆಗೆ ಸುಮಾರು ೨೬೦ ಕಿಲೋಮೀಟರು ವೇಗದಲ್ಲಿ ನೆಲವನ್ನು ಮುಟ್ಟಿತೆಂದು ಭಾವಿಸೋಣ. ಅದರ ಶಕ್ತಿಯೆಲ್ಲವೂ ಉಷ್ಣವಾದರೆ ೫೫೦ ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಲ್ಲುದು. ಮದುವೆಮನೆಯ ಹಂಡೆಗಳನ್ನೆಲ್ಲ ಅರ್ಧನಿಮಿಷದಲ್ಲಿ ಕಾಯಿಸಿದಂತೆ! ಇದರಲ್ಲಿ ಒಂದು ಪಾಲನ್ನು ಗಾಳಿಯ ತಡೆಯೂ, ಯಂತ್ರಗಳ ಹಿಮ್ಮುಖವಾದ ಒತ್ತೂ ವಹಿಸಿಕೊಳ್ಳುವುವು. ಉಳಿದುದೆಲ್ಲವೂ ಗಾಲಿಗಳ ಒಳಗಿರುವ ಬ್ರೇಕುಗಳ ಪಾಲಿಗೆ ಬರುವುದು. ಇಂಧನ ತುಂಬಿದ ವಿಮಾನವು ಏರುವ ಓಟದ ಕಡೆಯಲ್ಲಿ ಏನೋ ದೋಷ ಕಂಡು ನಿಂತುಬಿಡಬೇಕಾದರೆ ಈ ಹೊರೆಯು ಇನ್ನೂ ಅಧಿಕವಾಗುವುದು.

೧೯೦೩ರಲ್ಲಿ ರೈಟ್ ಸಹೋದರರು ಹಾರಿಸಿದ ಯಂತ್ರಕ್ಕೆ ಗಾಲಿಗಳೇ ಇರಲಿಲ್ಲ. ಜಾರುಗಾಲುಗಳ ಮೇಲೆ ಇಳಿಯಿತು. ವಿಮಾನವು ತೂಕವಾಗಿ ವೇಗವಾದಂತೆ ಗಾಲಿ ಬಂದಿತು, ಬ್ರೇಕು ಬಂದಿತು. ಬ್ರೇಕೆಂದರೆ ಬಿಲ್ಲೆಗಳ ಒಂದು ಅಡಕ. ಒಂದು ಬಿಲ್ಲೆಯು ಗಾಲಿಯೊಡನೆ ತಿರುಗುವುದು, ಅದರ ಪಕ್ಕದ್ದು ಅಚ್ಚಿಗೆ ಕಚ್ಚಿ ನಿಶ್ಚಲವಾಗಿರುವುದು. ಹೀಗೆಯೇ ಒಂದರ ಮಗ್ಗುಲಲ್ಲಿ ಒಂದು. ಚಾಲಕನು ಒತ್ತಿದರೆ ಎಲ್ಲವೂ ಒಂದನ್ನೊಂದು ಅಪ್ಪಿ ಉಜ್ಜುವುವು. ತುರ್ತಿನ ನಿಲುಗಡೆಯಲ್ಲಿ ಇವುಗಳ ತಾಪವು ಸಾವಿರ ಡಿಗ್ರಿಯನ್ನೂ ಮೀರಬಹುದು. ಇವನ್ನು ಸುತ್ತುವರಿದಿರುವ ಗಾಲಿಯಾದರೋ ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಅದರ ಮೇಲೆ ರಬ್ಬರಿನ ಟೈರು. ಎರಡೂ ತಾಪವನ್ನು ಸಹಿಸಲಾರವು. ಹೆಚ್ಚಿನ ವಿಷಯವೇನೆಂದರೆ, ವಿಮಾನವು ನಿಂತ ಕ್ಷಣದಲ್ಲಿ ಗಾಲಿಯು ಅತ್ಯಂತ ಬಿಸಿಯಾಗಿರುವುದಿಲ್ಲ. ಬಿಲ್ಲೆಗಳ ಉಷ್ಣವು ನಿಧಾನವಾಗಿ ಹೊರಗೆ ಹಬ್ಬಿ, ಎಷ್ಟೋ ನಿಮಿಷಗಳ ಮೇಲೆ ಗಾಲಿಯನ್ನು ಮುಟ್ಟುವುದು. ಅಪಾಯವು ಕಳೆಯಿತೆಂದು ಜನರು ನಂಬಿದಾಗಲೇ ಅದು ಬರುವುದು.

ಇದನ್ನರಿಯದೆ ಆದ ಅನಾಹುತವನ್ನು ಹೇಳುವಾಗ ಮನಸ್ಸು ಭಾರವಾಗುವುದು. ೧೯೬೩ನೆಯ ಸೆಪ್ಟೆಂಬರ್ ೪ರಂದು ಸ್ವಿಟ್ಸರ್ಲೆಂಡಿನ ಜ್ಯೂರಿಕ್ ನಗರದಲ್ಲಿ ದಟ್ಟವಾದ ಮಂಜು ಕವಿದಿತ್ತು. ಜಿನೀವಾಕ್ಕೆ ಹೊರಟಿದ್ದ ಕ್ಯಾರವೆಲ್ ವಿಮಾನದ ಚಾಲಕನು ಓಡುದಾರಿಯ ಮಂಜನ್ನು ಯಂತ್ರಗಳ ಬಿಸಿಯುಸಿರಿನಿಂದ ಚದುರಿಸಬೇಕೆಂದು, ಯಂತ್ರಗಳನ್ನು ಜೋರಾಗಿ ನಡೆಸುತ್ತ, ಬ್ರೇಕುಗಳನ್ನು ಒತ್ತಿಹಿಡಿದು, ದಾರಿಯುದ್ದಕ್ಕೂ ಸಾಗಿ ಹಿಂದಿರುಗಿದನು. ಬ್ರೇಕುಗಳು ಮಿತಿಮೀರಿ ಕಾದವು. ಗಾಲಿಯ ಅಂಚು ಸಿಡಿಯಿತು. ನಾಳಗಳು ಒಡೆದು, ಸೋರಿದ ಎಣ್ಣೆಗೆ ಬೆಂಕಿ ತಗುಲಿತು. ವಿಮಾನವು ಏರಿದ ಕೆಲವೇ ನಿಮಿಷಗಳಲ್ಲಿ ಡ್ಯೂರೆನೆಷ್ ಎಂಬ ಊರಿನ ಬಳಿ ಬಿದ್ದು, ಅದರಲ್ಲಿದ್ದ ೮೦ ಮಂದಿಯೂ ಮೃತರಾದರು. ಅವರಲ್ಲಿ ೪೩ ಮಂದಿ ಹುಮ್ಲಿಕಾನ್ ಎಂಬ ಒಂದೇ ಹಳ್ಳಿಯವರು. ಬೇಸಾಯದ ಹೊಸ ಪ್ರಯೋಗವನ್ನು ನೋಡಿಬರಲು ಹೊರಟಿದ್ದ ರೈತರು. ಹಳ್ಳಿಯ ಜನಸಂಖ್ಯೆಯು ಇನ್ನೂರ ಹದಿನೇಳು. ಐದರಲ್ಲಿ ಒಂದು ಪಾಲು ಒಂದು ಮುಂಜಾನೆಯಲ್ಲಿ ಹೋಯಿತು, ಮಕ್ಕಳು ತಬ್ಬಲಿಗಳಾದರು, ಹೊಲದಲ್ಲಿ ನಿಂತ ಬೆಳೆಯನ್ನು ಹೊರಗಿನಿಂದ ಬಂದ ದಯಾಳುಗಳು ಕೊಯ್ದುಕೊಟ್ಟರು. ನಮ್ಮ ಸೀಮೆಯೂ ಬೇಸಾಯಗಾರರ ಸೀಮೆಯೇ. ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾದುದಿಲ್ಲ.

ಮತ್ತೊಂದು, ೧೯೮೬ನೆಯ ಮಾರ್ಚ್ ೩೧ರದು. ಮೆಕ್ಸಿಕೋ ನಗರದಿಂದ ಹೊರಟ ಬೋಯಿಂಗ್ ೭೨೭ ವಿಮಾನದ ಒಂದು ಬ್ರೇಕು ಸಡಿಲದೆ ಉಜ್ಜುತ್ತಲೇ ಇದ್ದು, ಕಾದ ಗಾಲಿಯು ಹೊಟ್ಟೆಯೊಳಗೆ ಮಡಿಸಲ್ಪಟ್ಟಿತು. ಟೈರಿನೊಳಗೆ ಸಾರಜನಕವಿರಬೇಕಾದಲ್ಲಿ ಸಾಮಾನ್ಯವಾದ ಗಾಳಿಯನ್ನು ತುಂಬಿದ್ದರು. ಕಾದ ರಬ್ಬರು ಆವಿಯನ್ನು ಬಿಡುವುದು. ಅದಕ್ಕೆ ಗಾಳಿಯಲ್ಲಿನ ಆಮ್ಲಜನಕವು ಸೇರಿದರೆ ಮದ್ದಿನಂತೆ ಸಿಡಿಯುವುದು. ಆಕಾಶದಲ್ಲಿ ಹಾಗೆ ಸಿಡಿದು ೧೬೭ ಮಂದಿಯೂ ಅಳಿದರು. ಮರುವರ್ಷ ಅಮೆರಿಕದ ವಿಮಾನಾಡಳಿತವು ದೊಡ್ಡ ವಿಮಾನಗಳ ಟೈರುಗಳಲ್ಲಿ ಆಮ್ಲಜನಕವು ನೂರಕ್ಕೆ ಐದರಷ್ಟನ್ನು ಮೀರಕೂಡದೆಂದು ವಿಧಿಸಿತು.

ಈ ಪಾಠಗಳ ಫಲವಾಗಿ ಗಾಲಿಗೆ ಇಂದು ಹಲವು ಕಾಪುಗಳುಂಟು. ಬಿಲ್ಲೆಗಳಿಗೂ ಗಾಲಿಯ ಅಂಚಿಗೂ ನಡುವೆ ತೆಳುವಾದ ಉಕ್ಕಿನ ತಗಡಿನ ಮರೆಯುಂಟು. ಚಾಲಕನೆದುರಿಗೆ ಬ್ರೇಕುಗಳ ತಾಪವನ್ನು ತೋರುವ ಮಾಪಕವೂ, ಕೆಲವು ವಿಮಾನಗಳಲ್ಲಿ ಗಾಳಿಬೀಸುವ ಪಂಖಗಳೂ ಇರುವುವು. ಕಾದ ಗಾಲಿಯ ಬಳಿಗೆ ಮುಂದಿನಿಂದಾಗಲಿ ಹಿಂದಿನಿಂದಾಗಲಿ ಹೋಗಬೇಕಲ್ಲದೆ ಪಕ್ಕದಿಂದ ಹೋಗಕೂಡದೆಂದು ಕೆಲಸಗಾರರಿಗೆ ಕಲಿಸುವರು; ಒಡೆದರೆ ಚೂರುಗಳು ಪಕ್ಕಕ್ಕೆ ಹಾರುವುವು. ಬ್ರೇಕುಗಳು ಆರುವವರೆಗೆ ವಿಮಾನವು ಮತ್ತೆ ಏರುವಂತಿಲ್ಲ. ಘಟ್ಟದ ಗಾಡಿಕಾರನು ಎಲೆಯಡಿಕೆ ಹಾಕಿಕೊಂಡು ಕಾದುದೂ ಇದೇ ಕಾರಣದಿಂದಲ್ಲವೆ?

ಇವೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದುದು ಒಂದು ಸಣ್ಣ ಬಿರಡೆ. ಗಾಲಿಯಲ್ಲಿ ತೂತುಗಳನ್ನು ಕೊರೆದು, ಬೇಗನೆ ಕರಗುವ ಲೋಹವನ್ನು ತುಂಬಿದ ಬಿರಡೆಗಳನ್ನು ಅಲ್ಲಿಡುವರು. ಗಾಲಿಯ ತಾಪವು ಸುಮಾರು ಇನ್ನೂರು ಡಿಗ್ರಿಯನ್ನು ಸಮೀಪಿಸಿದರೆ ಆ ಲೋಹವು ಕರಗಿ, ಟೈರಿನ ಅನಿಲವು ಮೆಲ್ಲನೆ ಹೊರಗೆ ಹೋಗುವುದು. ಟೈರು ಹಾಳಾಗುವುದು ನಿಜ, ಆದರೆ ಸಿಡಿಯುವುದಿಲ್ಲ. ಸೋಲಬೇಕಾದ ಸ್ಥಳವನ್ನು ಮೊದಲೇ ಗೊತ್ತುಮಾಡಿ, ಅಲ್ಪವನ್ನು ಬಿಟ್ಟು ಮಹತ್ತನ್ನು ಉಳಿಸಿಕೊಳ್ಳುವ ಉಪಾಯವಿದು. ಹೊಸ ವಿಮಾನವನ್ನು ಪರೀಕ್ಷಿಸುವಾಗ, ಪೂರ್ತಿ ಸವೆದ ಬ್ರೇಕುಗಳಿಂದಲೇ ಅತಿಭಾರದ ಓಟವನ್ನು ನಿಲ್ಲಿಸಿ, ಬೆಂಕಿಯಾರಿಸುವವರು ಐದು ನಿಮಿಷ ಕೈಕಟ್ಟಿ ನಿಲ್ಲಬೇಕು. ಅಷ್ಟರೊಳಗೆ ಬಿರಡೆಯೂ ಬ್ರೇಕೂ ತಮ್ಮ ಯೋಗ್ಯತೆಯನ್ನು ತಾವೇ ತೋರಿಸಬೇಕು.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲುಂಟು. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದುದು ೧೯೪೦ರ ಡಿಸೆಂಬರಿನಲ್ಲಿ. ಮರುವರ್ಷವೇ ನಮ್ಮ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪೆನಿಯು ಹುಟ್ಟಿ, ಲೋಹವನ್ನು ಕಡೆಯುವ ಲೇತುಯಂತ್ರಗಳನ್ನು ಮಾಡತೊಡಗಿತು. ಹರಿಹರದ ಆ ಕಾರ್ಖಾನೆಯು ಮುಚ್ಚಿಹೋದುದು ನಮ್ಮೆಲ್ಲರಿಗೂ ದುಃಖದ ಸಂಗತಿ. ಬೆಂಗಳೂರಿನದು ಬೆಳೆದು, ತನ್ನ ಎರಕದ ವಿಭಾಗದಲ್ಲಿ ಲೋಹದ ಪುಡಿಯನ್ನು ಒತ್ತಿ ಬೇಯಿಸಿ ವಿಮಾನದ ಬ್ರೇಕುಪಟ್ಟಿಗಳನ್ನು ತಯಾರಿಸುವಷ್ಟು ಸಮರ್ಥವಾಯಿತು. ೨೦೦೧ನೆಯ ಜನವರಿ ೪ರಂದು ಅದೇ ಬೆಂಗಳೂರಿನಲ್ಲಿ ಮೊದಲು ಹಾರಿದ ಹಗುರ ಯುದ್ಧವಿಮಾನಕ್ಕೆ ೨೦೦೩ರಲ್ಲಿ ತೇಜಸ್ ಎಂದು ಹೆಸರಾಯಿತು. ಈ ವಿಮಾನಕ್ಕಾಗಿ ದೇಶದ ರಕ್ಷಣಾ ಸಂಶೋಧಕರು ಇಂಗಾಲದ ಎಳೆಗಳನ್ನು ಇಂಗಾಲದಿಂದಲೇ ಬೆಸೆದು ಬ್ರೇಕಿನ ಬಿಲ್ಲೆಗಳನ್ನು ರೂಪಿಸಿದರು. ೧೯೭೬ರಲ್ಲಿ ಪ್ರಯಾಣಿಕರನ್ನು ಹೊರತೊಡಗಿದ ಕಾಂಕಾರ್ಡ್ ವಿಮಾನದಲ್ಲಿಯೂ ಇಂಗಾಲದ ಬ್ರೇಕುಗಳೇ ಇದ್ದುವು. ಅದು ಉಕ್ಕಿಗಿಂತ ಹಗುರ. ಉಕ್ಕು ಮೆತ್ತಗಾಗುವ ತಾಪದಲ್ಲಿಯೂ ತನ್ನ ಬಿಗುವನ್ನು ಬಿಡದು. ತೇಜಸ್ಸೆಂದರೆ ಕಾಂತಿಯೂ ಹೌದು, ತಾಪವೂ ಹೌದು. ಹೆಸರು ಯೋಗ್ಯವಾಗಿಯೇ ಇದೆ.

ಕಡೆಯದಾಗಿ ಆ ಹಿರಿಯರ ಮಾತು. ನಾನೂ ಪಾಠಶಾಲೆಯಲ್ಲಿ ಓದಿದವನು. ಗೀರ್ವಾಣಭಾಷೆಯ ಋಣವನ್ನು ತೀರಿಸಲಾರೆ. ಆದಕಾರಣವೇ ಇದನ್ನು ಹೇಳಲು ನನಗೆ ಅಧಿಕಾರವುಂಟೆಂದು ಭಾವಿಸುತ್ತೇನೆ. ವೈಮಾನಿಕ ಶಾಸ್ತ್ರವೆಂಬ ಗ್ರಂಥವನ್ನು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಯಿಸಿದರು. ೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಶ್ರಮವಹಿಸಿ ಪರಿಶೀಲಿಸಿ, ಭಾಷೆಯಿಂದಲೂ ವಿಷಯದಿಂದಲೂ ಅದು ೧೯೦೪ಕ್ಕಿಂತ ಹಿಂದಿನದಲ್ಲವೆಂದೂ, ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ನಿರ್ಣಯಿಸಿದರು. ಹಾಗೆಂದು ಹೇಳಿದರೆ ಪೂರ್ವಿಕರಿಗೆ ಅಗೌರವವಾಗುವುದಿಲ್ಲ. ಹಳಿಯನ್ನು ಎಷ್ಟು ಕಾಯಿಸಬೇಕು, ಎಷ್ಟು ಚಿಕ್ಕದಾಗಿರಬೇಕು, ಯಾವಾಗ ನೀರೆರೆಯಬೇಕು ಎಂಬುದನ್ನು ಅರಿತ ಕಮ್ಮಾರನ ವಿದ್ಯೆಯು ನಿಜವಾದ ವಿದ್ಯೆ. ಅವನ ಗಾಲಿ ತಿರುಗಿತು. ಇಲ್ಲದ ವಿಮಾನವನ್ನು ಹೊಗಳಿ, ಇದ್ದ ಗಾಲಿಯನ್ನು ಮಾಡಿದವನನ್ನು ಮರೆಯುವುದೇ ಪೂರ್ವಿಕರಿಗೆ ನಾವು ಮಾಡುವ ಅಪಚಾರ.

ಎಲ್ಲವೂ ಮೊದಲೇ ತಿಳಿದಿತ್ತೆಂದು ನಂಬುವವನು ಬಿರಡೆಯನ್ನು ಎಂದಿಗೂ ಕಂಡುಹಿಡಿಯಲಾರನು. ತಪ್ಪಿದುದನ್ನು ತಪ್ಪಿತೆಂದು ಒಪ್ಪಿ, ಏಕೆ ತಪ್ಪಿತೆಂದು ಹುಡುಕಿ, ಬರೆದಿಟ್ಟು, ಮುಂದಿನವರಿಗೆ ಕಲಿಸಿದವರಿಂದಲೇ ಗಾಲಿಯು ಸುರಕ್ಷಿತವಾಯಿತು. ಬಾಲಕನಿಗೆ ನಾನು ಕೊಟ್ಟ ಉತ್ತರವಿಷ್ಟೆ: "ಮಗು, ಆ ಜೋರು ಎಲ್ಲಿಗೂ ಹೋಗಲಿಲ್ಲ, ಬೆಂಕಿಯಾಗಿ ಗಾಲಿಯೊಳಗೆ ಕುಳಿತಿತ್ತು. ಅದು ಮೆಲ್ಲನೆ ಹೊರಗೆ ಹೋಗಲು ದಾರಿಯನ್ನು ಮಾಡಿಟ್ಟವರಿದ್ದರು. ಆದುದರಿಂದ ಎಲ್ಲರೂ ಕ್ಷೇಮವಾಗಿ ಇಳಿದರು." ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ದಾರಿಯು ಎಷ್ಟು ದೊಡ್ಡದೆಂದು ಕೇಳಿದನು. ಬೆರಳ ತುದಿಯನ್ನು ತೋರಿಸಿದೆನು.